ಅಪ್ಪನ ರಿಪೋರ್ಟ್‌ನಲ್ಲಿ ‘ಮ್ಯುಟೇಟೆಡ್’ ಅಂತ ಬಂದಿದೆ, ಭಯ ಪಡಬೇಕಾ? (ಸಿಎಲ್‌ಎಲ್)

ಮುಲುಂಡ್ ಮಗಳು
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಅಪ್ಪನಿಗೆ 64. ಕಾರ್ಕಳದ ಕಡೆಯವರು, ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲ್‌ನಲ್ಲಿ ಟೇಬಲ್ ಒರೆಸಿ ಮೇಲೆ ಬಂದವರು, ಈಗ ಮುಲುಂಡ್‌ನಲ್ಲಿ ಸಣ್ಣ ಹೋಟೆಲ್ ಇದೆ, ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿ ಗಲ್ಲಾದಲ್ಲಿ ಕೂತರೆ ಮಧ್ಯಾಹ್ನ ಎರಡರವರೆಗೆ ಏಳುವುದಿಲ್ಲ. ಜನವರಿಯಲ್ಲಿ ಹರ್ನಿಯಾ ಆಪರೇಷನ್‌ಗೆ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಬಿಳಿ ರಕ್ತಕಣ 41,000 ಬಂತು, ಅದರಲ್ಲಿ ಲಿಂಫೋಸೈಟ್ 82%. ಹಿಮೋಗ್ಲೋಬಿನ್ 12.9, ಪ್ಲೇಟ್‌ಲೆಟ್ 1.82 ಲಕ್ಷ. ಆಮೇಲೆ ಫ್ಲೋ ಸೈಟೋಮೆಟ್ರಿ (ರಕ್ತಕಣದ ಬಗೆ ಗುರುತಿಸುವ ಟೆಸ್ಟ್) ಮಾಡಿಸಿ ಸಿಎಲ್‌ಎಲ್, ಅಂದರೆ ನಿಧಾನವಾಗಿ ಬೆಳೆಯುವ ಒಂದು ಥರದ ರಕ್ತದ ಕ್ಯಾನ್ಸರ್ ಅಂದರು. ಡಾಕ್ಟರು ಆರಾಮಾಗಿ ಮಾತಾಡಿದರು, ಈಗ ಔಷಧ ಬೇಡ, ಇನ್ನೆರಡು ಟೆಸ್ಟ್ ಮಾಡಿಸಿ ಬನ್ನಿ ಅಂದರು. ಫಿಶ್ (ಕ್ಯಾನ್ಸರ್ ಕಣದ ಕ್ರೋಮೋಸೋಮ್ ನೋಡುವುದು) ಮತ್ತು ಐಜಿಎಚ್‌ವಿ (ಅದೇ ಕಣದ ಒಂದು ಜೀನ್ ಓದುವುದು).

ಇವತ್ತು ಐಜಿಎಚ್‌ವಿ ರಿಪೋರ್ಟ್ ಬಂತು. ಲ್ಯಾಬ್ ಹೆಸರು ಹೇಳುವುದಿಲ್ಲ. ಮೊದಲ ಪುಟದಲ್ಲೇ ದಪ್ಪ ಕೆಂಪು ಅಕ್ಷರದಲ್ಲಿ ‘ಮ್ಯುಟೇಟೆಡ್’ ಅಂತ ಇದೆ. ಕೌಂಟರಿನಲ್ಲಿದ್ದ ಹುಡುಗ ಲಕೋಟೆ ಕೊಡುವಾಗಲೇ ಮುಖ ಚಿಕ್ಕದು ಮಾಡಿಕೊಂಡು, ಇದರಲ್ಲಿ ಮ್ಯುಟೇಶನ್ ಸಿಕ್ಕಿದೆ, ಬೇಗ ಡಾಕ್ಟರಿಗೆ ತೋರಿಸಿ ಅಂದನಂತೆ. ಅಪ್ಪ ಒಬ್ಬರೇ ಹೋಗಿದ್ದರು. ಬಂದವರು ಊಟ ಮಾಡಲಿಲ್ಲ. ಡಾಕ್ಟರು ಸಿಗುವುದು ಶುಕ್ರವಾರ. ಅಲ್ಲಿವರೆಗೆ ಹೇಗೆ ಇರುವುದು? ಮ್ಯುಟೇಶನ್ ಅಂದರೆ ಕೆಟ್ಟದ್ದೇ ಅಲ್ವಾ?

ಕೋಥ್ರೂಡ್ ಮೇಷ್ಟ್ರು
ತಂಗಿ, ಮೊದಲು ಅಪ್ಪನಿಗೆ ಊಟ ಹಾಕು. ಈ ಒಂದು ರೋಗದಲ್ಲಿ ಮ್ಯುಟೇಟೆಡ್ ಅನ್ನುವುದು ಒಳ್ಳೆಯ ಮಾತು. ಅನ್‌ಮ್ಯುಟೇಟೆಡ್ ಅಂತ ಬಂದರೆ ಸ್ವಲ್ಪ ಹುಷಾರು. ಉಲ್ಟಾ ಇದೆ.

ನನಗೂ ಸಿಎಲ್‌ಎಲ್. ಒಂಬತ್ತು ವರ್ಷ ಆಯಿತು. ಧಾರವಾಡದಿಂದ ಪುಣೆಗೆ ಬಂದು ಶಾಲೆಯಲ್ಲಿ ಗಣಿತ ಕಲಿಸಿದೆ, ರಿಟೈರ್ ಆದ ವರ್ಷವೇ ಇದು ಸಿಕ್ಕಿತು. ನನ್ನದೂ ಮ್ಯುಟೇಟೆಡ್. ಇವತ್ತಿನವರೆಗೆ ಒಂದು ಮಾತ್ರೆ ನುಂಗಿಲ್ಲ. ನನಗೆ ರಿಪೋರ್ಟ್ ಬಂದಾಗಲೂ ಹೆಂಡತಿ ದೇವರಿಗೆ ದೀಪ ಹಚ್ಚಿ ಅಳುತ್ತ ಕೂತಿದ್ದಳು. ಡಾಕ್ಟರು ಫೋನಿನಲ್ಲಿ ಅಭಿನಂದನೆ ಅಂದಾಗ ಅವರಿಗೇ ತಲೆ ಕೆಟ್ಟಿದೆ ಅಂದುಕೊಂಡೆವು ನೋಡ್ರಿ.

ಮುಲುಂಡ್ ಮಗಳು
ಮೇಷ್ಟ್ರೇ, ಓದಿ ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಈಗಲೇ ಹೇಳಿದೆ. ನಂಬಲಿಲ್ಲ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯಾ ಅಂದರು. ಯಾಕೆ ಉಲ್ಟಾ ಅಂತ ಯಾರಾದರೂ ಬಿಡಿಸಿ ಹೇಳಿದರೆ ಅವರಿಗೆ ಓದಿ ಹೇಳುತ್ತೇನೆ.

ಸ್ಲೈಡ್ ನೋಡುವವಳು
ನಾನು ಹೇಳುತ್ತೇನೆ. ನವಿ ಮುಂಬೈನಲ್ಲಿ ಲ್ಯಾಬ್ ಕೆಲಸ, ದಿನಾ ಇದೇ ನನ್ನ ಪಾಡು. ನಾನು ನಿಮ್ಮ ಅಪ್ಪನ ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಅಪ್ಪ ಹೋಟೆಲಿನವರು, ಹಾಗಾಗಿ ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಬಿ ಲಿಂಫೋಸೈಟ್ ಅಂತ ಕಣಗಳಿವೆ, ಆ್ಯಂಟಿಬಾಡಿ ಮಾಡುವ ಅಡುಗೆಭಟ್ಟರು ಅಂದುಕೊಳ್ಳಿ. ಪ್ರತಿಯೊಬ್ಬ ಭಟ್ಟನಿಗೂ ಒಂದು ಪಾಕದ ಚೀಟಿ ಇರುತ್ತದೆ. ಚೀಟಿ ಮಾಡುವುದು 14ನೇ ಕ್ರೋಮೋಸೋಮ್‌ನಿಂದ. ಅಲ್ಲಿ ವಿ ಅನ್ನುವ ಗುಂಪಿನಲ್ಲಿ ಕೆಲಸಕ್ಕೆ ಬರುವ ನಲವತ್ತು ಚಿಲ್ಲರೆ ಜೀನ್‌ಗಳಿವೆ, ಆಮೇಲೆ ಡಿ ಗುಂಪು, ಜೆ ಗುಂಪಿನಲ್ಲಿ 6. ಮೂರು ಗುಂಪಿನಿಂದ ಒಂದೊಂದನ್ನು ಕತ್ತರಿಸಿ ಅಂಟಿಸುತ್ತದೆ ಕಣ. (ಹೀಗೆ ಕತ್ತರಿಸಿ ಅಂಟಿಸುತ್ತದೆ ಅಂತ ತೋರಿಸಿದ್ದಕ್ಕೇ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.) ಅದು ಊರಿನಿಂದ ತಂದ ಪಾಕ.

ಆಮೇಲೆ ಭಟ್ಟ ಮುಂಬೈಗೆ ಬರುತ್ತಾನೆ. ಗಿರಾಕಿಗಳ ನಾಲಿಗೆ ನೋಡಿ ಸಾಂಬಾರಿಗೆ ಒಂದು ಚೂರು ಬೆಲ್ಲ ಜಾಸ್ತಿ, ಖಾರ ಕಡಿಮೆ, ಹೀಗೆ ಚೀಟಿಯಲ್ಲಿ ಅಲ್ಲಲ್ಲಿ ತಿದ್ದುತ್ತಾನೆ. ಲಿಂಫ್ ಗಂಟುಗಳ ಒಳಗೆ ಬಿ ಕಣ ಮಾಡುವುದೂ ಇದನ್ನೇ. ನಿಜವಾದ ಸೋಂಕು ನೋಡಿ, ಅನುಭವ ಪಡೆದು, ವಿ ಜೀನಿನಲ್ಲಿ ಅಕ್ಷರ ತಿದ್ದುತ್ತದೆ. ಅದು ರೋಗ ಅಲ್ಲ, ಆರೋಗ್ಯವಂತರಲ್ಲೂ ದಿನಾ ನಡೆಯುವ ಕೆಲಸ. ರಿಪೋರ್ಟ್‌ನಲ್ಲಿರುವ ಮ್ಯುಟೇಟೆಡ್ ಅಂದರೆ ಇದು, ಕ್ಯಾನ್ಸರ್ ಮಾಡಿದ ಕೆಡುಕಲ್ಲ.

ಕ್ಯಾನ್ಸರ್ ಆದ ಕಣ ತಿದ್ದಿದ ಚೀಟಿ ಇರುವ ಹಳೆ ಭಟ್ಟನದಾದರೆ ಅವನು ಸುಮ್ನೆ ಇರುವ ಜಾತಿ. ಯಾರು ಕೂಗಿದರೂ ತಲೆ ಎತ್ತುವುದಿಲ್ಲ. ತಿದ್ದದ ಚೀಟಿಯವನಾದರೆ ಹೊಸ ಹುಡುಗನ ಹಾಗೆ, ಯಾವ ಟೇಬಲಿನಿಂದ ಯಾರು ಬೆರಳು ಎತ್ತಿದರೂ ಓಡುತ್ತಾನೆ. ಓಡಿದ ಸಲವೆಲ್ಲ ಕಣಕ್ಕೆ ಬೆಳೆಯಲು ಸಿಗ್ನಲ್ ಸಿಗುತ್ತದೆ.

ವಿ ಜೀನಿನಲ್ಲಿ ಹೆಚ್ಚುಕಡಿಮೆ 300 ಅಕ್ಷರ. ಊರಿನ ಪಾಕದ ಜೊತೆ ಹೋಲಿಸಿ 98% ಅಥವಾ ಅದಕ್ಕಿಂತ ಜಾಸ್ತಿ ಹೊಂದಿದರೆ ಅನ್‌ಮ್ಯುಟೇಟೆಡ್, ಕಡಿಮೆ ಇದ್ದರೆ ಮ್ಯುಟೇಟೆಡ್. ಆರು ಅಕ್ಷರದ ಆಚೆ ಈಚೆ ಅಷ್ಟೆ. ನಿಮ್ಮಲ್ಲಿ ಶೇಕಡಾ ಎಷ್ಟು ಬರೆದಿದೆ?

ಮುಲುಂಡ್ ಮಗಳು
ಅಕ್ಕಾ, ಅಪ್ಪ ಗಲ್ಲಾದಿಂದ ಎದ್ದು ಬಂದು ಕೇಳಿಸಿಕೊಂಡರು! ನಮ್ಮ ಹಳೆ ಭಟ್ಟರೂ ಹಾಗೇ, ಕೂಗಿದರೆ ತಿರುಗಿ ನೋಡುವುದಿಲ್ಲ ಅಂತ ನಕ್ಕರು. ಎರಡು ದಿನದಲ್ಲಿ ಮೊದಲ ಸಲ.

ಶೇಕಡಾ 96.2 ಅಂತ ಇದೆ.

ಡೊಂಬಿವಲಿ ಫಾಸ್ಟ್
ಎಲ್ಲಾ ಸರಿ. ಆದರೆ ಒಂದು ಪ್ರಶ್ನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಈಗ ಔಷಧವೇ ಬೇಡ ಅಂದ ಮೇಲೆ ಈ ಟೆಸ್ಟ್ ಯಾಕೆ? ನಮ್ಮ ಮಾವನಿಗೂ ಮಾಡಿಸಿದರು. ಬಂದ ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದ್ದು ಮೂರು ತಿಂಗಳು ಬಿಟ್ಟು ಬನ್ನಿ ಅಂತ. ಟೆಸ್ಟ್ ಇಲ್ಲದಿದ್ದರೂ ಅದನ್ನೇ ಹೇಳುತ್ತಿದ್ದರು. ಮಾವ ಈಗ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದಾರೆ, ಅದಕ್ಕೆ ಖರ್ಚೂ ಇಲ್ಲ.

ಸ್ಲೈಡ್ ನೋಡುವವಳು
ಕಷಾಯ ಮೊದಲು ನಿಲ್ಲಿಸಿ. ಅಥವಾ ಕನಿಷ್ಠ ಡಾಕ್ಟರಿಗೆ ಹೇಳಿ. ಅಮೃತಬಳ್ಳಿ ಅಂದರೆ ಇಲ್ಲಿಯವರ ಗಿಲೋಯ್. ಕೋವಿಡ್ ಸಮಯದಲ್ಲಿ ಅದನ್ನು ಕುಡಿದು ಲಿವರ್ ಕೆಟ್ಟ 6 ಜನರ ಬಗ್ಗೆ ನಮ್ಮ ಮುಂಬೈ ಡಾಕ್ಟರುಗಳೇ 2021ರಲ್ಲಿ ಬರೆದಿದ್ದಾರೆ. ಸಿಎಲ್‌ಎಲ್‌ನಲ್ಲಿ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿರುತ್ತದೆ, ಅದನ್ನು ಇನ್ನೂ ಕೆಣಕುವ ಸೊಪ್ಪು ಯಾಕೆ?

ಟೆಸ್ಟ್ ಬಗ್ಗೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಐಜಿಎಚ್‌ವಿ ನೋಡಿ ಯಾರೂ ಚಿಕಿತ್ಸೆ ಶುರು ಮಾಡಬಾರದು. ಶುರು ಮಾಡುವುದು ರೋಗಿ ನೋಡಿ: ಹಿಮೋಗ್ಲೋಬಿನ್ 10ರ ಕೆಳಗೆ ಇಳಿಯಿತಾ, ಪ್ಲೇಟ್‌ಲೆಟ್ ಲಕ್ಷದ ಕೆಳಗೆ ಹೋಯಿತಾ, ಗುಲ್ಮ ಊದಿತಾ, ರಾತ್ರಿ ಬೆವರಿ ಬನಿಯನ್ ಒದ್ದೆ ಆಗುತ್ತಿದೆಯಾ, ಸುಮ್ನೆ ತೂಕ ಇಳಿಯುತ್ತಿದೆಯಾ, ಲಿಂಫೋಸೈಟ್ ಆರು ತಿಂಗಳ ಒಳಗೆ ಎರಡು ಪಟ್ಟಾಯಿತಾ. ಬರೀ 41,000 ನೋಡಿ ಯಾರೂ ಔಷಧ ಕೊಡುವುದಿಲ್ಲ. ಆದರೆ ಔಷಧ ಬೇಕಾದ ದಿನ ಯಾವುದು ಕೊಡಬೇಕು ಅನ್ನಲು ಇದು ಬೇಕೇ ಬೇಕು.

ಕೋಥ್ರೂಡ್ ಮೇಷ್ಟ್ರು
ಅಂಕಿ ಅಂದರೆ ನನಗೆ ಪ್ರಾಣ, ಒಂದೆರಡು ಹಾಕುತ್ತೇನೆ. ಈ ವಿಷಯ ಬೆಳಕಿಗೆ ಬಂದಿದ್ದು 1999ರಲ್ಲಿ. ಒಂದೇ ಪತ್ರಿಕೆಯಲ್ಲಿ ಎರಡು ಲೇಖನ. ಒಂದು ಇಂಗ್ಲೆಂಡಿನ ಟೆರ್ರಿ ಹ್ಯಾಂಬ್ಲಿನ್ ತಂಡದ್ದು, ಇನ್ನೊಂದು ನ್ಯೂಯಾರ್ಕಿನ ನಿಕೋಲಸ್ ಕಿಯೊರಾಜಿ ತಂಡದ್ದು. ಹ್ಯಾಂಬ್ಲಿನ್ 84 ರೋಗಿಗಳನ್ನು ನೋಡಿದ್ದರು. ಅನ್‌ಮ್ಯುಟೇಟೆಡ್ ಇದ್ದವರ ಮಧ್ಯಾಂಕ ಆಯಸ್ಸು 117 ತಿಂಗಳು, ಮ್ಯುಟೇಟೆಡ್ ಇದ್ದವರದ್ದು 293 ತಿಂಗಳು. ಅದೂ ಹೊಸ ಮಾತ್ರೆಗಳು ಯಾವುವೂ ಇಲ್ಲದ ಕಾಲ. ಮಧ್ಯಾಂಕ ಅಂದರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು ಅಂತ, ಎಲ್ಲರಿಗೂ ಅಷ್ಟೇ ಅಂತ ಅಲ್ಲ. ನಲವತ್ತು ವರ್ಷ ಇದನ್ನೇ ಹುಡುಗರಿಗೆ ಹೇಳಿದ್ದೇನೆ, ಒಬ್ಬನೂ ನೆನಪಿಟ್ಟುಕೊಳ್ಳಲಿಲ್ಲ.

ಔಷಧದ ಮಾತು. ಎಫ್‌ಸಿಆರ್ ಅಂತ ಹಳೆ ಕೀಮೋ ಇದೆ. ಅಮೆರಿಕದ ಹ್ಯೂಸ್ಟನ್‌ನ ಎಂಡಿ ಆ್ಯಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದನ್ನು ಪಡೆದವರನ್ನು ವರ್ಷಗಟ್ಟಲೆ ನೋಡಿದರು. 12.8 ವರ್ಷದ ಹೊತ್ತಿಗೆ ರೋಗ ಮರಳದೆ ಇದ್ದವರು ಮ್ಯುಟೇಟೆಡ್ ಗುಂಪಿನಲ್ಲಿ 53.9%, ಅನ್‌ಮ್ಯುಟೇಟೆಡ್‌ನಲ್ಲಿ 8.7%. ಈ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲರಿಗೂ ಒಂದೇ ಕೀಮೋ ಕೊಟ್ಟರೆ ಹೇಗೆ?

ಮಡಗಾಂವ್ ಮಾವ
ನಮ್ಮದು ಇನ್ನೊಂದು ಬದಿಯ ಕಥೆ. ನನ್ನ ಹೆಂಡತಿಯದು ಅನ್‌ಮ್ಯುಟೇಟೆಡ್. ನೂರಕ್ಕೆ ನೂರು ಹೊಂದಿಕೆ, ವಿ ಜೀನಿನ ಹೆಸರು ವಿ1-69. ರಿಪೋರ್ಟ್ ಬಂದ ದಿನ ನಾವು ಅನ್‌ಮ್ಯುಟೇಟೆಡ್ ಅಂತ ಓದಿ ಮಡಗಾಂವ್ ಮಾರ್ಕೆಟಿನಿಂದ ಪೇಡೆ ತಂದಿದ್ದೆವು. ಮ್ಯುಟೇಶನ್ ಇಲ್ಲವಲ್ಲ ಅಂತ! ಆಮೇಲೆ ಡಾಕ್ಟರು ಬಿಡಿಸಿ ಹೇಳಿದಾಗ ಪೇಡೆ ಗಂಟಲಲ್ಲೇ ನಿಂತಿತು. ಈ ಹೆಸರು ಇಟ್ಟವರನ್ನು ಹಿಡಿದು ಕೇಳಬೇಕು.

ಎರಡು ವರ್ಷ ಸುಮ್ನೆ ನೋಡುತ್ತ ಇದ್ದೆವು. ಆಮೇಲೆ ಕುತ್ತಿಗೆಯ ಗಂಟು ದೊಡ್ಡದಾಯಿತು, ಹಿಮೋಗ್ಲೋಬಿನ್ 9ಕ್ಕೆ ಬಂತು. ಎರಡನೇ ಅಭಿಪ್ರಾಯಕ್ಕೆ ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಬಂದು ತೋರಿಸಿದೆವು. ಅನ್‌ಮ್ಯುಟೇಟೆಡ್ ಇರುವುದರಿಂದ ಕೀಮೋ ಬೇಡ, ಇಬ್ರುಟಿನಿಬ್ ಅನ್ನುವ ಹೊಸ ಮಾತ್ರೆ ಕೊಡೋಣ ಅಂದರು. ಈಗ ನಮ್ಮ ದೇಶದಲ್ಲೇ ಜೆನೆರಿಕ್ ಸಿಗುತ್ತದೆ, ಇಲ್ಲದಿದ್ದರೆ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಮೊದಲ ತಿಂಗಳಲ್ಲಿ ಬಿಳಿ ಕಣ ಇನ್ನೂ ಏರಿತು, ನಾನು ಹೆದರಿ ಫೋನ್ ಮಾಡಿದೆ. ಗಂಟಿನಲ್ಲಿ ಕೂತಿದ್ದ ಕಣಗಳು ರಕ್ತಕ್ಕೆ ಇಳಿಯುತ್ತಿವೆ, ಹೆದರಬೇಡಿ ಅಂದರು. ಹಾಗೇ ಆಯಿತು. ಗಂಟು ಆರು ವಾರದಲ್ಲಿ ಕೈಗೆ ಸಿಗದಷ್ಟು ಕರಗಿತು. ಎದೆ ಡವಡವ ಶುರುವಾದ ಮೇಲೆ ಅದೇ ಬಗೆಯ ಇನ್ನೊಂದು ಮಾತ್ರೆ, ಅಕಾಲಬ್ರುಟಿನಿಬ್‌ಗೆ ಬದಲಾಯಿಸಿದರು. ಈಗ ನಾಲ್ಕು ವರ್ಷ. ನಿನ್ನೆ ಕೊಡುಬಳೆ ಕರಿದಳು.

ಅನ್‌ಮ್ಯುಟೇಟೆಡ್ ಅಂತ ಬಂದವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆದೆ. 1999ರ 117 ತಿಂಗಳನ್ನು ಓದಿ ಕ್ಯಾಲೆಂಡರ್ ತೆಗೆಯಬೇಡಿ.

ಸ್ಲೈಡ್ ನೋಡುವವಳು
ಮಾವ ಹೇಳಿದ್ದು ಸರಿ. ಆ ಮಾತ್ರೆಗಳು ಕಣದ ಒಳಗೆ ಸಿಗ್ನಲ್ ದಾಟುವ ಬಾಗಿಲನ್ನೇ ಮುಚ್ಚುತ್ತವೆ. ಹೊಸ ಹುಡುಗ ಎಷ್ಟು ಓಡಿದರೂ ಅಡುಗೆಮನೆಗೆ ಆರ್ಡರ್ ತಲುಪುವುದಿಲ್ಲ. ಅದಕ್ಕೇ ಕೀಮೋದಲ್ಲಿ ಕಾಣುತ್ತಿದ್ದ ದೊಡ್ಡ ಅಂತರ ಈ ಮಾತ್ರೆಗಳಲ್ಲಿ ತುಂಬಾ ಕಡಿಮೆಯಾಯಿತು. ವೆನೆಟೊಕ್ಲಾಕ್ಸ್ ಅನ್ನುವ ಬೇರೆ ಮಾತ್ರೆಯನ್ನು ಇನ್ನೊಂದು ಔಷಧದ ಜೊತೆ ಒಂದು ವರ್ಷ ಕೊಟ್ಟು ನಿಲ್ಲಿಸುವ ಚಿಕಿತ್ಸೆಯಲ್ಲಿ ಮಾತ್ರ ಅನ್‌ಮ್ಯುಟೇಟೆಡ್ ಇದ್ದವರಿಗೆ ರೋಗ ಬೇಗ ಮರಳುವುದು ಈಗಲೂ ಕಾಣುತ್ತದೆ.

ಮುಲುಂಡ್ ಮಗಳೇ, ಒಂದು ಕೆಲಸ ಮಾಡಿ. ಎರಡನೇ ಪುಟ ತೆಗೆಯಿರಿ. ಅಲ್ಲಿ ವಿ ಜೀನಿನ ಹೆಸರು ಇರುತ್ತದೆ, ವಿ3-23, ವಿ4-34, ಹೀಗೆ ಏನೋ. ಅದನ್ನು ಬರೆಯಿರಿ.

ಮುಲುಂಡ್ ಮಗಳು
ವಿ3-21 ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಬ್‌ಸೆಟ್ 2’ ಅಂತಲೂ ಇದೆ. ಯಾಕೆ ಅಕ್ಕಾ?

(ಒಂದು ಗಂಟೆ ಆಯಿತು. ಅಕ್ಕಾ ಇದ್ದೀರಾ?)

ಸ್ಲೈಡ್ ನೋಡುವವಳು
ಇದ್ದೇನೆ. ಲೋಕಲ್‌ನಲ್ಲಿ ನಿಂತಿದ್ದೆ, ಮನೆಗೆ ಬಂದು ಕೂತು ಬರೆಯೋಣ ಅಂತ ತಡ ಮಾಡಿದೆ. ಇದನ್ನು ನಿಂತುಕೊಂಡು ಬರೆಯುವುದು ಸರಿಯಲ್ಲ ಅನ್ನಿಸಿತು.

ಮೇಲೆ ನಾವೆಲ್ಲ ಮ್ಯುಟೇಟೆಡ್ ಅಂದರೆ ಒಳ್ಳೆಯದು ಅಂದೆವು. ನೂರರಲ್ಲಿ ಬಹಳಷ್ಟು ಸಲ ಅದು ನಿಜ. ವಿ3-21ರ ಸಬ್‌ಸೆಟ್ 2 ಅದಕ್ಕೆ ಹೊರತು. 2002ರಲ್ಲಿ ಸ್ವೀಡನ್‌ನ ಉಪ್ಸಲಾದವರು ಇದನ್ನು ಗಮನಿಸಿದರು: ವಿ3-21 ಬಳಸುವವರಲ್ಲಿ ಮ್ಯುಟೇಟೆಡ್ ಇದ್ದರೂ ರೋಗ ಅನ್‌ಮ್ಯುಟೇಟೆಡ್ ಹಾಗೆ ನಡೆದುಕೊಳ್ಳುತ್ತಿತ್ತು. ಆಮೇಲೆ ಗೊತ್ತಾಯಿತು, ವಿ3-21 ಇರುವ ಎಲ್ಲರೂ ಹಾಗಲ್ಲ, ಅದರೊಳಗೆ ಈ ಸಬ್‌ಸೆಟ್ 2 ಅನ್ನುವ ಗುಂಪಿನವರು ಮುಖ್ಯವಾಗಿ ಹಾಗೆ. ಒಟ್ಟು ಸಿಎಲ್‌ಎಲ್‌ನಲ್ಲಿ ಸುಮಾರು 3% ಮಂದಿ.

ಸಬ್‌ಸೆಟ್ ಅಂದರೆ ಏನು? ವಿ, ಡಿ, ಜೆ ಕತ್ತರಿಸಿ ಅಂಟಿಸಿ, ನಡುವೆ ಅಕ್ಷರ ಸೇರಿಸಿ ಮಾಡಿದ ಚೀಟಿ ಇಬ್ಬರು ಬೇರೆ ಬೇರೆ ಮನುಷ್ಯರಲ್ಲಿ ಒಂದೇ ಆಗುವುದು ಬರೀ ಆಕಸ್ಮಿಕವಾಗಿ ಆಗುವ ಮಾತಲ್ಲ. ಆದರೆ ಸಿಎಲ್‌ಎಲ್‌ನಲ್ಲಿ ಆಗುತ್ತದೆ. ಮೊದಲು ಸುಮಾರು 30% ರೋಗಿಗಳಲ್ಲಿ ಹೀಗೆ ಅಂದಿದ್ದರು, 2021ರಲ್ಲಿ ಸುಮಾರು 30,000 ರೋಗಿಗಳ ಜೀನ್ ಜೋಡಿಸಿ ನೋಡಿದಾಗ 41% ಅಂತ ಬಂತು. ಸ್ವೀಡನ್‌ನ ಒಬ್ಬ ಮೀನುಗಾರನಿಗೂ ಕಾರ್ಕಳದ ಒಬ್ಬ ಹೋಟೆಲಿನವರಿಗೂ ಒಂದೇ ಪಾಕದ ಚೀಟಿ. ಅಂದರೆ ಎರಡೂ ಕಣಗಳು ಒಂದೇ ಥರದ ಏನನ್ನೋ ಹಿಡಿಯುತ್ತಿವೆ.

ಸಬ್‌ಸೆಟ್ 2ರಲ್ಲಿ ಅದು ಏನು ಅಂತಲೂ ಸಿಕ್ಕಿದೆ. ಆ್ಯಂಟಿಬಾಡಿಯಲ್ಲಿ ಜೊತೆಗಿರುವ ಚಿಕ್ಕ ಸರಪಳಿ, ಲ್ಯಾಂಬ್ಡಾ ಚೈನ್‌ನಲ್ಲಿ, 110ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಗ್ಲೈಸೀನ್ ಇರುವ ಕಡೆ ಆರ್ಜಿನೀನ್. ಅದರಿಂದ ಕಣದ ಮೇಲಿನ ಒಂದು ರಿಸೆಪ್ಟರ್ (ಹೊರಗಿನ ಸಿಗ್ನಲ್ ಹಿಡಿಯುವ ಕೈ) ಪಕ್ಕದ ರಿಸೆಪ್ಟರನ್ನೇ ಹಿಡಿದುಕೊಳ್ಳುತ್ತದೆ. ಹೊರಗಿನ ಗಿರಾಕಿಯೇ ಬೇಡ. ಭಟ್ಟ ತಾನೇ ಆರ್ಡರ್ ಕೂಗಿ ತಾನೇ ಓಡುತ್ತಾನೆ. ಅವನು ಹಳಬನೇ, ಚೀಟಿಯೂ ತಿದ್ದಿದ್ದೇ, ಆದರೂ ಸುಮ್ನೆ ಕೂರುವುದಿಲ್ಲ.

ಇದರ ಅರ್ಥ: ನಿಮ್ಮ ಅಪ್ಪನಿಗೆ ಚಿಕಿತ್ಸೆ ಬೇಕಾಗುವ ಕಾಲ ಬೇರೆ ಮ್ಯುಟೇಟೆಡ್ ಇರುವವರಿಗಿಂತ ಬೇಗ ಬರಬಹುದು. ನಾಳೆ ಅಂತ ಅಲ್ಲ. ನಾಳೆಯ ಲೆಕ್ಕ ಮತ್ತೆ ಅದೇ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಗಂಟು. ಮತ್ತೆ ಈ ಗುಂಪಿನಲ್ಲಿ ಟಿಪಿ53 ಅನ್ನುವ ಕಾವಲುಗಾರ ಜೀನ್ ಕೆಡುವುದು ಅಪರೂಪ, ಅದು ಒಳ್ಳೆಯ ಸುದ್ದಿ. ಎಸ್‌ಎಫ್3ಬಿ1 ಅನ್ನುವ ಇನ್ನೊಂದು ಜೀನ್ ಮಾತ್ರ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಬದಲಾಗಿರುತ್ತದೆ. ಇದು ನಿಜವಾಗಲೂ ಕ್ಯಾನ್ಸರಿನ ಮ್ಯುಟೇಶನ್, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಕೋಥ್ರೂಡ್ ಮೇಷ್ಟ್ರು
ನಾನು ಮೊದಲೇ ಬಾಯಿ ಹಾಕಬಾರದಿತ್ತು. ತಂಗಿ, ತಪ್ಪಾಯಿತು. ನನ್ನದು ವಿ4-34. ಒಂಬತ್ತು ವರ್ಷ ಸುಮ್ನೆ ಇರುವುದಕ್ಕೆ ಅದೂ ಕಾರಣ ಇರಬಹುದು, ನಾನು ಅದನ್ನೇ ಎಲ್ಲರಿಗೂ ಅನ್ವಯಿಸಿಬಿಟ್ಟೆ. ಒಂದು ಲೆಕ್ಕ ಬಿಡಿಸಿ ಸೂತ್ರ ಬರೆಯಬೇಡ ಅಂತ ಹುಡುಗರಿಗೆ ಹೇಳುತ್ತಿದ್ದವನೇ ನಾನು.

ಮುಲುಂಡ್ ಮಗಳು
ಮೇಷ್ಟ್ರೇ, ಹಾಗೆ ಅನ್ನಬೇಡಿ. ನಿಮ್ಮ ಮಾತಿನಿಂದಲೇ ಅಪ್ಪ ಅವತ್ತು ರಾತ್ರಿ ಗಂಜಿ ಕುಡಿದು ಮಲಗಿದರು.

ಸತ್ಯ ಹೇಳುತ್ತೇನೆ, ಅಕ್ಕ ಬರೆದದ್ದು ಓದಿ ನಾನು ಅರ್ಧ ಗಂಟೆ ಬಾಲ್ಕನಿಯಲ್ಲಿ ನಿಂತಿದ್ದೆ. ಅಪ್ಪನಿಗೆ ಹೇಳಲೋ ಬೇಡವೋ ಗೊತ್ತಾಗಲಿಲ್ಲ. ನಮ್ಮ ಮುಂಬೈನಲ್ಲಿ ‘ಟಾಟಾಕ್ಕೆ ಹೋಗುತ್ತಿದ್ದಾರೆ’ (ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ) ಅಂದರೆ ಸಾಕು, ಜನ ದನಿ ತಗ್ಗಿಸುತ್ತಾರೆ. ಬಂಧುಗಳಿಗೆ ಇನ್ನೂ ಯಾರಿಗೂ ಹೇಳಿಲ್ಲ.

ಡೊಂಬಿವಲಿ ಫಾಸ್ಟ್
ಹೇಳಬೇಡಿ ಅನ್ನುತ್ತೇನೆ ನಾನು. 3% ಅಂತೆ, 110ನೇ ಜಾಗ ಅಂತೆ. ವಯಸ್ಸಾದವರಿಗೆ ಇದೆಲ್ಲ ಯಾಕೆ?

ಮಡಗಾಂವ್ ಮಾವ
ಹೇಳಿ. ನಾವು ಮುಚ್ಚಿಟ್ಟೆವು, ಆರು ತಿಂಗಳ ಮೇಲೆ ಅವಳೇ ಫೈಲ್ ತೆಗೆದು ಓದಿದಳು. ಅದರ ಸಿಟ್ಟು ಕಾಯಿಲೆಗಿಂತ ಜಾಸ್ತಿ ದಿನ ಇತ್ತು.

ಸ್ಲೈಡ್ ನೋಡುವವಳು
ಹೇಳುವುದು ಬಿಡುವುದು ನಿಮ್ಮ ಮನೆಯ ವಿಷಯ. ನಾನು ಲ್ಯಾಬಿನ ಮಾತು ಒಂದೆರಡು ಹೇಳಿ ಮುಗಿಸುತ್ತೇನೆ. ಶುಕ್ರವಾರ ಕೇಳಿ: ಸೀಕ್ವೆನ್ಸಿಂಗ್‌ಗೆ, ಅಂದರೆ ಜೀನಿನ ಅಕ್ಷರ ಓದಲು, ಲೀಡರ್ ಪ್ರೈಮರ್ (ಜೀನಿನ ಶುರುವಿಗಿಂತ ಸ್ವಲ್ಪ ಹಿಂದಿನಿಂದ ಓದಿಸುವ ತುಣುಕು) ಬಳಸಿದ್ದಾರಾ? ಕೆಲವು ಲ್ಯಾಬ್‌ಗಳು ಜೀನಿನ ಒಳಗಿನಿಂದ ಶುರು ಮಾಡುತ್ತವೆ, ಆಗ ಮೊದಲ ಅಕ್ಷರಗಳು ತಪ್ಪಿಹೋಗಿ ಶೇಕಡಾ ಸರಿಯಾಗಿ ಬರುವುದಿಲ್ಲ. 96.2ಕ್ಕೆ ಅದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ, 97.5 ಥರ ಗಡಿಯಲ್ಲಿ ಇರುವವರಿಗೆ ಅದು ತುಂಬಾ ಮುಖ್ಯ. ಮತ್ತೆ ಐಜಿಎಚ್‌ವಿ ಒಂದೇ ಸಲ ಸಾಕು, ಅದು ಬದಲಾಗುವುದಿಲ್ಲ. ಯಾರಾದರೂ ಪ್ರತಿ ವರ್ಷ ಮಾಡಿಸಿ ಅಂದರೆ ದುಡ್ಡು ಕಟ್ಟಬೇಡಿ. ಫಿಶ್ ಮತ್ತು ಟಿಪಿ53 ಮಾತ್ರ ಚಿಕಿತ್ಸೆ ಶುರು ಮಾಡುವ ಮುಂಚೆ ಪ್ರತಿ ಸಲ ಹೊಸದಾಗಿ ನೋಡಬೇಕು.

ಮುಲುಂಡ್ ಮಗಳು
ಶುಕ್ರವಾರ ಆಯಿತು. ಅಪ್ಪನ ಜೊತೆಗೇ ಕೂತು ಕೇಳಿದೆ, ಮುಚ್ಚಿಡಲಿಲ್ಲ. ಫಿಶ್‌ನಲ್ಲಿ 17ನೇ ಕ್ರೋಮೋಸೋಮ್ ಸರಿಯಿದೆ, 13ನೆಯದರಲ್ಲಿ ಒಂದು ತುಂಡು ಇಲ್ಲ. ಡಾಕ್ಟರು ಸಬ್‌ಸೆಟ್ 2 ಅಂತ ಫೈಲಿನ ಮೊದಲ ಹಾಳೆಯಲ್ಲಿ ಕೈಯಲ್ಲಿ ಬರೆದು ಸುತ್ತ ಗೆರೆ ಹಾಕಿದರು. ಔಷಧ ಈಗ ಬೇಡ. ಬೇರೆಯವರಾದರೆ ಆರು ತಿಂಗಳಿಗೆ ಬನ್ನಿ ಅನ್ನುತ್ತಿದ್ದೆ, ನೀವು ಮೂರು ತಿಂಗಳಿಗೆ ಬನ್ನಿ ಅಂದರು. ಬೇಕಾದ ದಿನ ಕೀಮೋ ಕೊಡುವುದಿಲ್ಲ, ಮಾತ್ರೆ ಕೊಡುತ್ತೇನೆ ಅಂದರು. ನ್ಯುಮೋನಿಯಾ ಲಸಿಕೆ ಹಾಕಿಸಿದೆವು. ಹರ್ನಿಯಾ ಆಪರೇಷನ್‌ಗೆ ಅಡ್ಡಿ ಇಲ್ಲವಂತೆ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಹತ್ತು ಗಂಟೆ ಮೇಲೆ ಬರಬಹುದಾ, ಬೆಳಿಗ್ಗೆ ಇಡ್ಲಿ ರಶ್ ಇರುತ್ತದೆ. ಬರಬಹುದು ಅಂದರು. ಮನೆಗೆ ಬರುವಾಗ ಟ್ರೇನಿನಲ್ಲಿ ಕಿಟಕಿ ಹತ್ತಿರ ಕೂತು, ಆ ಸ್ವೀಡನ್‌ನವನು ಏನು ಕೆಲಸ ಮಾಡುತ್ತಾನಂತೆ ಅಂತ ಕೇಳಿದರು. ಮೀನು ಹಿಡಿಯುತ್ತಾನಂತೆ ಅಂದೆ. ಹಾಗಾದರೆ ನಮ್ಮ ಮಲ್ಪೆ ಕಡೆಯವನೇ ಇರಬೇಕು ಅಂದರು.

ಸ್ಲೈಡ್ ನೋಡುವವಳು
ಮೀನುಗಾರ ನಾನು ಸುಮ್ನೆ ಸೇರಿಸಿದ್ದು ಮಾರಾಯ್ತಿ! ಹೇಳಬೇಡಿ ಅವರಿಗೆ.

ಡೊಂಬಿವಲಿ ಫಾಸ್ಟ್
ಮಾವನ ರಿಪೋರ್ಟ್ ಎರಡನೇ ಪುಟ ತೆಗೆದೆ. ವಿ3-7, 93.1%. ಸಬ್‌ಸೆಟ್ ಇಲ್ಲ ಅಂತ ಬರೆದಿದೆ. ಕಷಾಯದ ಪಾತ್ರೆ ಅತ್ತೆ ತೊಳೆದು ಮೇಲಿಟ್ಟಿದ್ದಾರೆ.